ಹೇಗೂ ಹೋಗ್ತಿದ್ದೀಯಲ್ಲ

ಮಾರ್ಚ್ 2, ಸೋಮವಾರ

ಉಪವಾಸದ ತಿಂಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಯಾರೂ ಯಾರನ್ನೂ ಮಾತಾಡಿಸಬಾರದೆಂದು ಒಂದು ಕಾನೂನು ತರಬೇಕು. ಇವತ್ತು ಅದೇ ಹೊತ್ತಿಗೆ ಬು ಅಂಬರ್ ಕರೆದರು. ಬು ಎಂದರೆ ಅಮ್ಮ, ಆದರೆ ಕಚೇರಿಯ ಯಜಮಾನಿ ಕರೆದರೆ ನಾನು ಮೊದಲು ನನ್ನ ತಪ್ಪುಗಳ ಲೆಕ್ಕ ಹಾಕುತ್ತೇನೆ, ಖಾಲಿ ಹೊಟ್ಟೆಯಲ್ಲಿ ಲೆಕ್ಕ ಇನ್ನೂ ಉದ್ದ. ಹಬ್ಬ ಕಳೆದ ಮೇಲೆ ನನ್ನ ಕೆಲಸ ಖಾಯಂ ಮಾಡುತ್ತಾರಂತೆ. "ಅಲ್ಲೀವರೆಗೂ ಏನೂ ಎಡವಟ್ಟು ಮಾಡ್ಕೋಬೇಡ, ಅಷ್ಟೇ," ಎಂದರು. ಒಳ್ಳೆಯ ಸುದ್ದಿಯನ್ನೂ ಹೆದರಿಸಿಯೇ ಹೇಳುವುದು ಅವರ ರೀತಿ.

ಅಮ್ಮನಿಗೆ ಫೋನ್ ಮಾಡಿದೆ. ಖುಷಿಪಟ್ಟಳು, ಆಮೇಲೆ ನಾನು ಮಾಡುವ ಕೆಲಸವಾದರೂ ಏನು ಎಂದು ಮತ್ತೆ ಕೇಳಿದಳು. ಆಸ್ಪತ್ರೆಗೆ ಡಯಾಲಿಸಿಸ್‌ಗೆಂದು ಬರುವವರಿಗೆ ಯಾವ ದಿನ ಯಾವ ಕುರ್ಚಿ ಎಂದು ಹೇಳುವ ತಂತ್ರಾಂಶ ನಮ್ಮದು, ಅದನ್ನು ದಿನಾ ತಿದ್ದುತ್ತಿರುತ್ತೇವೆ ಎಂದೆ. ತಿದ್ದಿದ್ದೆಲ್ಲ ತಾನಾಗಿ ಹೋಗುವುದಿಲ್ಲ. ಯಾವ ಫೈಲು ಹೋಗಬೇಕು, ಯಾವುದು ಉಳಿಯಬೇಕು ಎಂದು ಆರಿಸಿ, ಆರಿಸಿದ್ದನ್ನು ಗಂಟು ಕಟ್ಟಿ ಕಳಿಸಬೇಕು. ಆ ಗಂಟಿಗೆ ಕಮಿಟ್ ಎನ್ನುತ್ತಾರೆ, ಅದರ ಮೇಲೆ ಕಟ್ಟಿದವರ ಹೆಸರು ಬೀಳುತ್ತದೆ ಎಂದೆ.

"ಆರಿಸೋದಾ? ನೀನಾ?" ಅಮ್ಮ ನಕ್ಕಳು. "ಬಸ್ಸಲ್ಲಿ ಪಕ್ಕದೋರು ಕೊಟ್ಟ ಕೋಳೀನೂ ಹೊತ್ಕೊಂಡು ಬಂದೋಳು ನೀನು."

ಆ ಕೋಳಿಯ ಕಥೆ ನಾನು ಸತ್ತ ಮೇಲೂ ನಡೆಯುತ್ತದೆ. ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಆರಿಸಲು ಪುರುಸೊತ್ತಿಲ್ಲದವರಿಗೆಂದು ಒಂದು ಚುಕ್ಕೆ ಇದೆ. 'ಸೇರಿಸು' ಎಂಬ ಆಜ್ಞೆಯ ಮುಂದೆ ಆ ಚುಕ್ಕೆಯಿಟ್ಟರೆ ಒಳ್ಳೆಯದು ಕೆಟ್ಟದ್ದು ಎನ್ನದೆ ಇದ್ದದ್ದೆಲ್ಲ ಗಂಟಿಗೆ ಬೀಳುತ್ತದೆ. ನಾನು ಚುಕ್ಕೆಯ ಪಂಗಡದವಳು.

ಮಾರ್ಚ್ 5, ಗುರುವಾರ

ಸಂಜೆ ಉಪವಾಸ ಬಿಡುವ ಮೊದಲು ನನ್ನ ಕೆಲಸ ಕಳಿಸಿಬಿಡಬೇಕೆಂದು ಓಡುತ್ತಿದ್ದೆ. ಬು ಅಂಬರ್ ಬೆಳಿಗ್ಗೆಯೇ ಅದನ್ನು ನೋಡಿ ಒಪ್ಪಿದ್ದರು. ಎದುರು ಮೇಜಿನ ಮಾಸ್ ಸುಗೆಂಗ್ ತಲೆ ಎತ್ತಿದರು.

"ಕಿನಾಸಿ, ನಿಂದು ಇವತ್ತು ಹೋಗತ್ತಾ?"

"ಹ್ಞೂಂ ಮಾಸ್, ಈಗಲೇ."

"ಹೇಗೂ ಹೋಗ್ತಿದೆಯಲ್ಲ, ನಂದೊಂದು ಸಣ್ಣ ಫೈಲಿದೆ, ತಿತಿಪ್. ರಜೆಗಳ ಪಟ್ಟಿ. ಹಬ್ಬದ ರಜೆ ಸೇರಿಸಿದ್ದೀನಿ ಅಷ್ಟೇ. ಇಷ್ಟಕ್ಕೆ ನಾನು ಬೇರೆ ಗಂಟು ಕಟ್ಟಿ, ಅದನ್ನ ಬು ಅಂಬರ್ ಹತ್ರ ನೋಡಿಸಿ, ಅವರು ಅದಕ್ಕೆ ನಾಲ್ಕು ಕೊಕ್ಕೆ ಹಾಕಿ... ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗ್ಲಿ ಬಿಡು."

ತಿತಿಪ್, ಹೋಗುವಾಗ ಇದನ್ನೂ ಒಯ್ಯಿ, ಎಂದವರಿಗೆ ಇಲ್ಲ ಎನ್ನುವ ಮಾತನ್ನು ನಮ್ಮಲ್ಲಿ ಇನ್ನೂ ಯಾರೂ ಕಂಡುಹಿಡಿದಿಲ್ಲ. ಸಂತೆಗೆ ಹೊರಟವಳ ಕೈಲಿ ಸೊಪ್ಪು ತಿತಿಪ್, ಊರಿಗೆ ಹೊರಟವನ ಕೈಲಿ ಅತ್ತೆಯ ಮಿಕ್ಸಿ ತಿತಿಪ್, ಹಜ್ಜಿಗೆ ಹೊರಟವರ ಕೈಲಿ ಪ್ರಾರ್ಥನೆಯೂ ತಿತಿಪ್. ಹೇಗೂ ಹೋಗುತ್ತಿರುವವರಿಗೆ ಭಾರ ಗೊತ್ತಾಗುವುದಿಲ್ಲ ಎಂದು ಎಲ್ಲರ ನಂಬಿಕೆ. ಅದರ ಮೇಲೆ ಒಬ್ಬರನ್ನು ಮಾಸ್ ಎಂದು, ಅಣ್ಣ ಎಂದು, ಬಾಯ್ತುಂಬ ಕರೆದ ಮೇಲೆ ಆಗುವುದಿಲ್ಲ ಎನ್ನುವುದು ಹೇಗೆ? ಅವರು ಕಳಿಸಿದ ಫೈಲನ್ನು ನನ್ನಲ್ಲಿದ್ದ ಅದೇ ಹೆಸರಿನ ಫೈಲಿನ ಮೇಲೆ ಹಾಕಿ, ಚುಕ್ಕೆಯಿಟ್ಟು ಕಳಿಸಿದೆ. ಅಷ್ಟರಲ್ಲಿ ಮಸೀದಿಯ ನಗಾರಿ ಬಡಿಯಿತು, ಖರ್ಜೂರಕ್ಕೆ ಓಡಿದೆ.

ನನಗಿರುವುದು ಒಂದೇ ಹೆಸರು. ಮೊದಲ ಹೆಸರು, ಕೊನೆಯ ಹೆಸರು ಎರಡೂ ಬೇಕೆಂದು ಯಂತ್ರ ಹಟ ಹಿಡಿದದ್ದಕ್ಕೆ ಎರಡೂ ಕಡೆ ಅದನ್ನೇ ಬರೆದಿದ್ದೇನೆ. ಹಾಗಾಗಿ ಗಂಟಿನ ಮೇಲೆ 'ಕಿನಾಸಿ ಕಿನಾಸಿ' ಎಂದು ಬಿದ್ದಿದೆ, ಯಾರೋ ಬಾಗಿಲಲ್ಲಿ ನಿಂತು ಕೂಗಿದ ಹಾಗೆ.

ಮಾರ್ಚ್ 6, ಶುಕ್ರವಾರ

ಬೆಳಗಿನಿಂದ ಏನೋ ಮರೆತಂತೆ. ಒಲೆ ಆರಿಸಿದ್ದೇನಾ ಎಂದು ಎರಡು ಸಲ ರೂಮಿಗೆ ಹೋಗಿ ನೋಡಿ ಬಂದೆ. ಆರಿಸಿದ್ದೆ.

ಮಾರ್ಚ್ 11, ಬುಧವಾರ

ಹಬ್ಬದ ರಜೆಯಲ್ಲಿ ತಂತ್ರಾಂಶಕ್ಕೆ ಏನಾದರೂ ಆದರೆ ನೋಡಿಕೊಳ್ಳಲು ಒಬ್ಬರು ಇಲ್ಲೇ ಇರಬೇಕು. ಮೊದಲ ಮೂರು ದಿನ ನನ್ನದು, ಉಳಿದದ್ದು ಮಾಸ್ ಸುಗೆಂಗ್‌ರದ್ದು ಎಂದು ಪಟ್ಟಿಯಾಗಿತ್ತು. ಇವತ್ತು ಮಧ್ಯಾಹ್ನ ಅವರು ನನ್ನ ಮೇಜಿನ ಹತ್ತಿರ ಬಂದು ಸುಮ್ಮನೆ ಪೆನ್ನು ತಿರುಗಿಸುತ್ತ ನಿಂತರು. ಪೆನ್ನು ತಿರುಗಿಸಿದರೆ ಏನೋ ಇದೆ ಎಂದೇ ಅರ್ಥ.

"ಮಾವನ ಮನೆಯವರು ಸೋಲೋದಲ್ಲಿ ಕಾಯ್ತಿದ್ದಾರೆ. ಹೇಗೂ ನೀನು ಇಲ್ಲೇ ಇರ್ತೀಯಲ್ಲ..."

ಹ್ಞೂಂ ಎಂದೆ. ಹಬ್ಬಕ್ಕೆ ಬರಲಾಗುವುದಿಲ್ಲ ಎಂದಾಗ ಅಮ್ಮ ಅಲ್ಲಿ ಮಳೆಯಿದೆಯಾ ಎಂದು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ರೂಮಿನಲ್ಲಿ ಕೂತರೆ ನಿಲ್ಲಬೇಕೆನಿಸುತ್ತದೆ, ನಿಂತರೆ ಕೂರಬೇಕೆನಿಸುತ್ತದೆ. ಫ್ಯಾನು ಜೋರು ಮಾಡಿ, ನಿಧಾನ ಮಾಡಿ, ಕೊನೆಗೆ ಆಫ್ ಮಾಡಿದೆ.

ಮಾರ್ಚ್ 18, ಬುಧವಾರ

ನಮ್ಮ ಬಾಡಿಗೆ ಮನೆಯ ಯಜಮಾನ, ನಾವು ಅಪ್ಪನಂತೆ ಪಕ್ ಎನ್ನುವ ಕಸ್ಮಾನ್, ಇವತ್ತು ಹೆಂಡತಿಯೊಂದಿಗೆ ವೊನೊಗಿರಿಗೆ ಹೊರಟರು. ಹಬ್ಬಕ್ಕೆ ಊರಿಗೆ ಹೋಗಿ ಅವರಿಗೆ ಐದು ವರ್ಷವಾಗಿತ್ತು. ಹಿಂದೆ ದೂರದೂರಿನ ಬಸ್ಸು ಓಡಿಸುತ್ತಿದ್ದವರು, ಮೂತ್ರಪಿಂಡ ಕೈಕೊಟ್ಟ ಮೇಲೆ ಮಂಗಳವಾರ, ಶುಕ್ರವಾರ ಆಸ್ಪತ್ರೆಯ ಕುರ್ಚಿಗೆ ಕಟ್ಟುಬಿದ್ದಿದ್ದಾರೆ. ನೀರನ್ನು ಲೋಟದಲ್ಲಿ ಅಳೆದು ಕುಡಿಯುತ್ತಾರೆ. "ನಿಮ್ಮ ಉಪವಾಸ ಒಂದು ತಿಂಗಳು, ನಂದು ವರ್ಷವಿಡೀ," ಎಂದು ಹೇಳಿಕೊಂಡು ನಗುತ್ತಾರೆ. ಅವರ ಕುರ್ಚಿ ಹಂಚುವುದು ನಮ್ಮ ತಂತ್ರಾಂಶ ಎಂದು ಗೊತ್ತಾದಾಗಿನಿಂದ ನಾನು ಸಿಕ್ಕಾಗಲೆಲ್ಲ ಅದೇ ತಕರಾರು: "ಮಗಳೇ, ನಿನ್ನ ಯಂತ್ರ ನಂಗೆ ಯಾವತ್ತೂ ಕಿಟಕಿ ಪಕ್ಕದ ಸೀಟು ಕೊಡ್ಲಿಲ್ಲ."

ಇವತ್ತು ಅವರ ಹೆಂಡತಿ ಬು ಕಸ್ಮಾನ್ ನನ್ನ ಕೈಗೆ ಮನೆಯ ಕೀಲಿ, ಬೆಕ್ಕಿನ ಊಟ, ಮೆಣಸಿನ ಗಿಡಕ್ಕೆ ನೀರು, ಮಾರುವವಳು ಬಂದರೆ ತೆಗೆದಿಡಬೇಕಾದ ತೆಂಗಿನಕಾಯಿ, ಎಲ್ಲವನ್ನೂ ಒಪ್ಪಿಸಿದರು. ಹೇಗೂ ಇರ್ತೀಯಲ್ಲ. ಪಕ್ ಕಸ್ಮಾನ್ ಆಟೋ ಹತ್ತುತ್ತ, "ಈ ಸಲ ದೇವರೇ ರಜೆ ಕೊಟ್ಟ," ಎಂದರು. ನಾನು ತೆಂಗಿನಕಾಯಿಯ ಲೆಕ್ಕದಲ್ಲಿದ್ದೆ, ಸುಮ್ಮನೆ ತಲೆಯಾಡಿಸಿದೆ.

ಮಾರ್ಚ್ 19, ಗುರುವಾರ

ನಿದ್ದೆ ಬರುತ್ತಿಲ್ಲ. ಬರೆದರೆ ಬಂದೀತು.

ಬೆಳಿಗ್ಗೆ ಬು ಕಸ್ಮಾನ್ ಒಂದು ಫೋಟೋ ಕಳಿಸಿದ್ದರು. ದಾರಿಯಲ್ಲಿ ತೆಗೆದದ್ದು, ಪಕ್ ಕಸ್ಮಾನ್ ಚಾಲಕನ ಹಿಂದಿನ ಸೀಟಿನಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದಾರೆ. ಕೆಳಗೆ ಬರೆದಿದ್ದರು: 'ಇಪ್ಪತ್ತೇಳರವರೆಗೆ ಕುರ್ಚಿಗೆ ರಜೆ, ಅಲ್ಹಮ್ದುಲಿಲ್ಲಾಹ್.'

ಫೋಟೋ ಬಿಟ್ಟು ಆ ಸಾಲನ್ನೇ ಮತ್ತೆ ಓದಿದೆ. ಮಂಗಳವಾರ ಕೂತವರು ಶುಕ್ರವಾರ ಕೂರಬೇಕು. ಮುಂದಿನ ವಾರದ ಶುಕ್ರವಾರದವರೆಗೆ ಬಿಟ್ಟರೆ ಒಳಗಿನ ನೀರು ಎದೆಗೆ ಏರುತ್ತದೆ. ಡಯಾಲಿಸಿಸ್‌ಗೆ ಹಬ್ಬದ ರಜೆ ಎಲ್ಲಿಂದ ಬಂತು?

ಕಚೇರಿಗೆ ಓಡಿದೆ. ನೋಡಿದರೆ ಮಾಸ್ ಸುಗೆಂಗ್‌ರ ರಜೆಯ ಫೈಲು. ಅವರ ಹತ್ತಿರವಿದ್ದದ್ದು ಹಳೆಯ ಪ್ರತಿ. ಡಯಾಲಿಸಿಸ್ ಘಟಕಕ್ಕೆ ಯಾವ ರಜೆಯೂ ಇಲ್ಲ ಎಂದು ನಾನೇ ಕಳೆದ ತಿಂಗಳು ಸೇರಿಸಿದ್ದ ಸಾಲು ಅದರಲ್ಲಿರಲಿಲ್ಲ. ಅವರದ್ದನ್ನು ನನ್ನದರ ಮೇಲೆ ಹಾಕಿದಾಗ ನನ್ನ ಸಾಲೇ ಹೋಗಿತ್ತು. ನಾನೇ ಕಟ್ಟಿದ ಗಂಟು, ಮೇಲೆ ಎರಡೆರಡು ಸಲ ನನ್ನದೇ ಹೆಸರು. ನಾಳೆಯಿಂದ ಬುಧವಾರದವರೆಗೆ ಯಾರಿಗೂ ಕುರ್ಚಿ ಇಲ್ಲ.

ಘಟಕದ ನರ್ಸ್ ಲಿಂತಾಂಗ್‌ಗೆ ಫೋನ್ ಮಾಡಿದೆ.

"ಹೌದು, ನಾಳೆಯಿಂದ ಪಟ್ಟಿ ಖಾಲಿ ತೋರಿಸ್ತಿದೆ," ಎಂದಳು. "ಮೇಲಿನೋರು ಏನೋ ತೀರ್ಮಾನ ಮಾಡಿರ್ಬೇಕು ಅಂದ್ಕೊಂಡ್ವಿ. ಕೇಳೋಕೆ ಸಂಕೋಚ ಆಯ್ತು."

"ರೋಗಿಗಳು ಯಾರೂ ಕೇಳ್ಲಿಲ್ವಾ?"

"ಅವರಿಗೂ ಸಂಕೋಚ ಇರ್ಬೇಕು."

ಅವಳನ್ನು ಬೈಯುವ ಯೋಗ್ಯತೆ ನನಗಿಲ್ಲ. ಎಲ್ಲರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ಕರೆಸು ಎಂದೆ, ಅವಳು ಆಗಲೇ ಶುರು ಮಾಡಿದ್ದಳು.

ಬು ಅಂಬರ್‌ಗೆ ಫೋನಿನಲ್ಲೇ ಹೇಳಿದೆ. "ಮೊದಲು ಸರಿಮಾಡು, ಮಿಕ್ಕಿದ್ದು ಆಮೇಲೆ," ಎಂದರು. ಸರಿ ಮಾಡಲು ಕೂತರೆ ನನ್ನ ಯಂತ್ರದಲ್ಲಿ ಸಂತೆ ನೆರೆದಿತ್ತು. ಅರ್ಧ ಮಾಡಿಟ್ಟ ನನ್ನ ಕೆಲಸ, ಯಾರದೋ ಹೊಸ ಲಾಂಛನ, ಮಾಸ್ ಸುಗೆಂಗ್ ಮೊನ್ನೆ ಹೊರಡುವಾಗ ಕೊಟ್ಟುಹೋದ ಇನ್ನೊಂದು ಫೈಲು. ಬೆರಳು ತಾನಾಗಿ ಚುಕ್ಕೆಯ ಮೇಲೆ ಹೋಗಿ ಕೂತಿತು. ತೆಗೆದೆ. ಒಂದೊಂದೇ ತಿದ್ದುಪಡಿ ತೋರಿಸಿ ಇದು ಬೇಕೇ ಎಂದು ಕೇಳುವ ದಾರಿಯೂ ಇದೆ. ನಿಧಾನ ಎಂದು ಅದರ ತಂಟೆಗೆ ಹೋದವಳಲ್ಲ. ಇವತ್ತು ಹೋದೆ. ಬೇಕೇ? ಬೇಡ. ಇದು? ಬೇಡ. ಇದು? ಬೇಡ. ಕೇಳಿದ್ದಕ್ಕೆಲ್ಲ ಬೇಡ ಎಂದು ಬಾಯಿಬಿಟ್ಟೇ ಹೇಳುತ್ತಿದ್ದೆನಂತೆ, ಕಸ ಗುಡಿಸುವ ಬು ಯತಿ ಇಣುಕಿ ನೋಡಿ ಹೋದರು. ಕೊನೆಗೆ ನನ್ನ ಆ ಒಂದು ಸಾಲು ಬಂತು. ಬೇಕು.

ಕಳಿಸುವ ಮುಂಚೆ ಮಾಸ್ ಸುಗೆಂಗ್ ಸೋಲೋದಿಂದ ಫೋನ್ ಮಾಡಿದರು. ಹಿಂದೆ ಮಕ್ಕಳ ಗಲಾಟೆ.

"ಏನೋ ಸರಿಮಾಡ್ತಿದ್ದೀಯಂತೆ? ಹೇಗೂ ಕಳಿಸ್ತಿದ್ದೀಯಲ್ಲ, ನಾನು ಕೊಟ್ಟಿದ್ದ ಆ ಫೈಲನ್ನೂ..."

"ಆಗಲ್ಲ ಮಾಸ್."

"ಸಣ್ಣದು, ಕಿನಾಸಿ."

"ಆಗಲ್ಲ."

ಫೋನು ಇಟ್ಟುಬಿಟ್ಟು ಆ ಒಂದು ಸಾಲನ್ನಷ್ಟೇ ಕಳಿಸಿದೆ. ಸಿಗ್ನಲ್ ಹೋಗಿರಬೇಕು ಎಂದು ಅವರು ಅಂದುಕೊಂಡರೆ ಸಾಕು. ಹಿರಿಯರ ಹತ್ತಿರ ಹಾಗೆ ಮಾತಾಡಬಾರದಿತ್ತು, ಅದೊಂದು ಬೇರೆ ಕೊರೆಯುತ್ತಿದೆ.

ಸಂಜೆಯ ಹೊತ್ತಿಗೆ ಲಿಂತಾಂಗ್ ಎಲ್ಲರನ್ನೂ ಹಿಡಿದಿದ್ದಳು, ಒಬ್ಬರನ್ನು ಬಿಟ್ಟು. ಪಕ್ ಕಸ್ಮಾನ್‌ರ ಊರು ಗುಡ್ಡದ ಮೇಲೆ. ಫೋನು ಹೋಗುತ್ತಿಲ್ಲ. ಬೆಕ್ಕಿಗೆ ಊಟ ಹಾಕಿದೆ, ಅದೂ ತಿನ್ನಲಿಲ್ಲ.

ಮಾರ್ಚ್ 20, ಶುಕ್ರವಾರ

ಇವತ್ತು ಅವರು ಕುರ್ಚಿಯಲ್ಲಿರಬೇಕಾದ ದಿನ. ಇಡೀ ಹಗಲು ಫೋನು ಒತ್ತಿದೆ. ಸಂಜೆ ಬೀದಿಯಲ್ಲೆಲ್ಲ ಹಬ್ಬದ ತಕ್ಬೀರ್ ಘೋಷ ಶುರುವಾದ ಮೇಲೆ ಬು ಕಸ್ಮಾನ್ ಸಿಕ್ಕರು. ಫೋನನ್ನು ಗಂಡನಿಗೆ ಕೊಡಿ ಎಂದೆ.

"ಕಾಲು ಊದಿದ್ಯಾ, ಪಕ್?"

"ಸ್ವಲ್ಪ. ದಾರಿಯದ್ದು."

"ನಾಳೆ ಬೆಳಿಗ್ಗೇನೇ ವಾಪಸ್ ಬರ್ಬೇಕು ನೀವು. ಕುರ್ಚಿ ಇದೆ."

"ಹಬ್ಬದ ದಿನಾನಾ? ತಮ್ಮ ಹೋತ ಕೊಯ್ಸಿದ್ದಾನೆ. ಯಂತ್ರಾನೇ ರಜೆ ಕೊಟ್ಟಿದೆಯಲ್ಲ ಮಗಳೇ, ಹಬ್ಬ ಮುಗಿಸ್ಕೊಂಡು ಬರ್ತೀನಿ."

ಯಂತ್ರ ತಪ್ಪಿತು ಎಂದರೆ ಬರುವವರಲ್ಲ, ಅದು ಅರ್ಥವಾಯಿತು. ಯಂತ್ರದ ಮಾತನ್ನು ಯಂತ್ರವೇ ಸರಿಮಾಡಿಕೊಳ್ಳಲಿ ಎನ್ನುತ್ತಾರೆ.

"ಯಂತ್ರ ಕೊಟ್ಟಿದ್ದಲ್ಲ, ಪಕ್. ನಾನು ಅಳಿಸಿದ್ದು. ನಿಮ್ಮ ಘಟಕಕ್ಕೆ ರಜೆ ಇಲ್ಲ ಅನ್ನೋ ಸಾಲು ನನ್ನ ಕೈಯಿಂದ ಹೋಯ್ತು. ನೋಡದೆ ಕಳಿಸ್ದೆ. ನೀವು ಬರದೇ ಇದ್ರೆ ನೀರು ಎದೆಗೆ ಏರತ್ತೆ."

ಅತ್ತ ಅವರು ಹೆಂಡತಿಗೆ ಚೀಲ ಕಟ್ಟು ಎಂದದ್ದು ತಕ್ಬೀರ್ ನಡುವೆ ಕೇಳಿಸಿತು.

"ಮೊದಲ ಬಸ್ಸು ಎಷ್ಟೊತ್ತಿಗೆ ಅಂತ ನಂಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ," ಎಂದು ಇಟ್ಟರು.

ಮಾರ್ಚ್ 21, ಹಬ್ಬ

ನಮಾಜು ಮುಗಿಸಿ ನೇರ ಆಸ್ಪತ್ರೆಗೆ ಹೋದೆ. ಹೊಸ ಬಟ್ಟೆ ಹಾಕಿಕೊಂಡಿದ್ದೇ ನಾಚಿಕೆಯಾಯಿತು. ಬಾಗಿಲಿಗೂ ಬೀದಿಗೂ ಅಲೆದೆ. ಪಕ್ ಕಸ್ಮಾನ್ ಬಂದಾಗ ಮೆಟ್ಟಿಲ ಮೇಲೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು, ಚಪ್ಪಲಿಯ ಪಟ್ಟಿ ಪಾದಕ್ಕೆ ಹೂತುಹೋಗಿತ್ತು. ಬು ಕಸ್ಮಾನ್ ನನ್ನ ಮುಖ ನೋಡಲಿಲ್ಲ. ಲಿಂತಾಂಗ್ ಅವರನ್ನು ಕಿಟಕಿ ಪಕ್ಕದ ಕುರ್ಚಿಗೆ ಕೂರಿಸಿದಳು. ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಇನ್ನೆರಡು ದಿನ ಬಿಟ್ಟಿದ್ದರೆ ತಮಗೆ ಮಾಡುವುದಕ್ಕೇನೂ ಉಳಿಯುತ್ತಿರಲಿಲ್ಲ ಎಂದರು. ಅವರು ಅದನ್ನು ನನಗೆ ಹೇಳಿದ್ದಲ್ಲ, ಆದರೆ ನಾನು ಕೇಳಿಸಿಕೊಂಡೆ.

ರಕ್ತ ಹೋಗಿ ಬಂದು ಮಾಡುತ್ತಿದ್ದಂತೆ ಅವರ ಮುಖಕ್ಕೆ ಕಳೆ ಬಂತು. ನಾನು ಕೈಮುಗಿದು ಹಬ್ಬದ ಮಾತು ಶುರುಮಾಡಿದೆ: ಕಂಡ ತಪ್ಪು, ಕಾಣದ ತಪ್ಪು, ಎಲ್ಲವನ್ನೂ ಕ್ಷಮಿಸಿ ಎಂದು. ಅವರು ಕೈಯೆತ್ತಿ ತಡೆದರು.

"ಅದೆಲ್ಲ ಬೇಡ. ನೀನು ನಿನ್ನೇನೇ ಹೇಳಿದ್ಯಲ್ಲ. ಬೆಳಿಗ್ಗೆ ಬಸ್ ಹತ್ತಿದಾಗ ನಿನ್ನ ಮೇಲೆ ಭಾರಿ ಸಿಟ್ಟಿತ್ತು. ಖಾಲಿ ಬಸ್ಸು, ಈ ಕಡೆಗೆ ಬರೋರು ಇವತ್ತು ಯಾರಿದ್ದಾರೆ? ಸೋಲೋದಲ್ಲೂ ಸಿಟ್ಟಿತ್ತು. ಬೊಯೊಲಾಲಿ ದಾಟೋ ಹೊತ್ತಿಗೆ ಇಳಿದು ಹೋಯ್ತು. ಇಂಥದ್ದು ಅಂತ ಗೊತ್ತಿದ್ರೆ ಸಿಟ್ಟಿಗೂ ಇಳಿಯೋಕೆ ಒಂದು ಸ್ಟಾಪ್ ಸಿಗತ್ತೆ." ಆಮೇಲೆ ಕಿಟಕಿಯ ಹೊರಗೆ ನೋಡಿ, "ಈ ಸೀಟಿಂದ ಬರೀ ಗೋಡೆ ಕಾಣತ್ತೆ, ಮಗಳೇ," ಎಂದರು.

ಹೊರಗೆ ಬಂದು ಅತ್ತೆ. ಬು ಕಸ್ಮಾನ್ ಬಂದು ನನ್ನ ಕೈಗೆ ಗರಿಯಲ್ಲಿ ಕಟ್ಟಿ ಬೇಯಿಸಿದ ಹಬ್ಬದ ಅನ್ನದ, ಕೇತುಪಾತಿನ, ಬುತ್ತಿ ಕೊಟ್ಟು ಹೋದರು.

ಮಾರ್ಚ್ 26, ಗುರುವಾರ

ಕಚೇರಿ ತೆರೆಯಿತು. ಬು ಅಂಬರ್ ಗೋಡೆಯ ಪರದೆಯ ಮೇಲೆ ನನ್ನ ಗಂಟು ಬಿಚ್ಚಿ ಎಲ್ಲರಿಗೂ ತೋರಿಸಿದರು. ಅಳಿಸಿಹೋದ ಸಾಲು ಕೆಂಪಗೆ ಕಾಣುತ್ತಿತ್ತು.

"ಇದು ನಿಂದಾ, ಕಿನಾಸಿ?"

"ಗಂಟು ನಂದು, ಬು. ನೋಡದೆ ಹಾಕಿದ್ದು ನಾನು."

"ನಾನು ಅವತ್ತು ಬೆಳಿಗ್ಗೆ ನೋಡಿದಾಗ ರಜೆಯ ಫೈಲು ಇದರಲ್ಲಿ ಇರ್ಲಿಲ್ಲ. ಇದು ಯಾರದ್ದು?"

ಮಾಸ್ ಸುಗೆಂಗ್ ಪೆನ್ನು ತಿರುಗಿಸುತ್ತಿದ್ದರು. ಮೂರು ಮಕ್ಕಳ ತಂದೆ. ನಾನು ಬಂದ ಹೊಸದರಲ್ಲಿ ಕೆಲಸ ಕಲಿಸಿದವರು.

"ಅದು ನಂದಲ್ಲ," ಎಂದೆ. "ಯಾರದ್ದೋ ಅವರೇ ಹೇಳ್ಲಿ."

ಯಾರೂ ಹೇಳಲಿಲ್ಲ. ಬು ಅಂಬರ್ ಪರದೆ ಆರಿಸಿ, ನನ್ನ ಕೆಲಸ ಖಾಯಂ ಮಾಡುವ ಪತ್ರದ ವಿಷಯ ಸದ್ಯಕ್ಕೆ ಬೇಡ ಎಂದರು. ಎಲ್ಲಾ ನಂದೇ ಎಂದುಬಿಡುವುದು ಬಿಟ್ಟು ಹಾಗೇಕೆ ಹೇಳಿದೆನೋ. ಈಗ ಪತ್ರವೂ ಇಲ್ಲ, ಮಾಸ್ ಸುಗೆಂಗ್ ನನ್ನ ಮುಖವನ್ನೂ ನೋಡುತ್ತಿಲ್ಲ. ನೀರು ಕಾಯಿಸಲು ಇಟ್ಟು ಮರೆತು ಪಾತ್ರೆ ಸುಟ್ಟಿತು.

ಮಾರ್ಚ್ 30, ಸೋಮವಾರ

ಹಬ್ಬದ ನಂತರದ ಕಚೇರಿಯ ಕೂಟ. ವರ್ಷವೂ ಇದೇ ರೀತಿ: ಎಲ್ಲರೂ ಸಾಲಾಗಿ ನಿಂತು, ಒಬ್ಬೊಬ್ಬರೂ ಒಬ್ಬೊಬ್ಬರ ಕೈಹಿಡಿದು, ಕಂಡದ್ದು ಕಾಣದ್ದು ಎಲ್ಲವನ್ನೂ ಕ್ಷಮಿಸಿ ಎಂದು ಗೊಣಗಿ ಮುಂದೆ ಹೋಗುವುದು. ಕೊನೆಯಲ್ಲಿ ಊಟ. ಹಿಂದಿನಿಂದ ಸಾರಿನ ಘಮ ಬರುತ್ತಿರುವುದರಿಂದ ಯಾರೂ ಜಾಸ್ತಿ ಹೊತ್ತು ಕೈ ಹಿಡಿಯುವುದಿಲ್ಲ.

ಮಾಸ್ ಸುಗೆಂಗ್ ನನ್ನ ಮುಂದೆ ಬಂದರು. ನನ್ನ ಪಕ್ಕದಲ್ಲೇ ಬು ಅಂಬರ್.

"ಕಂಡಿದ್ದು, ಕಾಣದ್ದು, ಎಲ್ಲಾ ಕ್ಷಮಿಸ್ಬಿಡು, ಕಿನಾಸಿ." ಕೈ ಬಿಡಿಸಿಕೊಳ್ಳಲು ನೋಡಿದರು.

ನಾನು ಬಿಡಲಿಲ್ಲ. "ಎಲ್ಲಾ ಬೇಡ, ಮಾಸ್. ಯಾವುದು ಅಂತ ಹೇಳಿ."

ಅವರು ನಕ್ಕರು. ನಾನು ನಗದೇ ಇದ್ದದ್ದಕ್ಕೆ ನಿಲ್ಲಿಸಿದರು. ಹಿಂದೆ ಸಾಲು ನಿಂತಿತು. ಅವರ ಅಂಗೈ ಬೆವರಿತ್ತು, ಬಹುಶಃ ನನ್ನದೂ.

"ರಜೆಯ ಫೈಲು," ಎಂದರು, ನನಗೆ ಮಾತ್ರ ಕೇಳುವಷ್ಟು. ಆಮೇಲೆ ಏನನಿಸಿತೋ, ಎಲ್ಲರಿಗೂ ಕೇಳುವಂತೆ ಹೇಳಿದರು: "ರಜೆಯ ಫೈಲು ನಂದು. ಹಳೇ ಪ್ರತಿ. ತಿತಿಪ್ ಅಂತ ನಾನೇ ಕೊಟ್ಟಿದ್ದು. ಮೊನ್ನೆ ಸುಮ್ಮನೆ ಕೂತಿದ್ದೂ ನಾನೇ."

"ಅದನ್ನ ಕ್ಷಮಿಸಿದ್ದೀನಿ, ಮಾಸ್."

"ಉಳಿದಿದ್ದು?"

"ಉಳಿದಿದ್ದು ಒಂದೊಂದಾಗಿ."

ಅವರು ಪಕ್ಕಕ್ಕೆ ಸರಿದು ಬು ಅಂಬರ್ ಮುಂದೆ ಕೈಚಾಚಿದರು. ಬು ಅಂಬರ್ ಆ ಕೈ ಹಿಡಿದುಕೊಂಡು, "ನನ್ನ ಹತ್ರ ಯಾವುದು, ಸುಗೆಂಗ್?" ಎಂದು ಕೇಳಿದರು. ಅಲ್ಲಿಂದ ಶುರುವಾಯಿತು. ನಿನ್ನ ಚಾರ್ಜರ್ ಒಯ್ದವನು ನಾನು ಎಂದ ಒಬ್ಬ. ನಿನ್ನ ಮದುವೆಗೆ ಜ್ವರ ಅಂತ ಸುಳ್ಳು ಹೇಳಿದ್ದೆ ಎಂದಳು ಇನ್ನೊಬ್ಬಳು. ಬು ಯತಿ ಯಾರದೋ ಕಪ್ಪು ಒಡೆದದ್ದು ಹೇಳಿ ಅತ್ತೇಬಿಟ್ಟರು. ಬು ಅಂಬರ್ ನನ್ನ ಕೈ ಹಿಡಿದು, "ಪತ್ರದ ವಿಷಯ ಬೇಡ ಅಂದಿದ್ನಲ್ಲ, ಅದನ್ನ ಕ್ಷಮಿಸು," ಎಂದರು, ಅಷ್ಟೇ. ಊಟದ ಹೊತ್ತಿಗೆ ಸಾರು ತಣ್ಣಗಾಗಿ ಮೇಲೆ ಕೊಬ್ಬರಿ ಹಾಲು ಕೆನೆಗಟ್ಟಿತ್ತು.

ಇಷ್ಟು ಜನರ ಊಟ ನನ್ನಿಂದ ತಣ್ಣಗಾಯಿತಲ್ಲ ಎಂದು ಈಗ ಯೋಚನೆ ಹತ್ತಿದೆ. ನಾಳೆ ಎಲ್ಲರ ಹತ್ತಿರವೂ ಹೋಗಿ ಕ್ಷಮೆ ಕೇಳಬೇಕು. ನಿರ್ದಿಷ್ಟವಾಗಿ ಯಾವುದಕ್ಕೆ ಎಂದು ಆಗಿನಿಂದ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ.